ಊಟವಾದ ಮೇಲಿನ ಹಳದಿ

ನಾನೂ ನನ್ನ ಸೋದರಮಾವನೂ ಕೃತಕ ಕಣ್ಣು ಮಾಡುವವರು. ಅಚ್ಚು ಹೊಯ್ಯುವುದು ಮಾವ, ಪಾಪೆಗೆ ಬಣ್ಣ ಬರೆಯುವುದು ನಾನು. ಹಳೆಯ ಅಂಗಡಿ ಬಿಟ್ಟು ಈಚೆಗೆ ಈ ಗಾಜಿನ ಕಟ್ಟಡಕ್ಕೆ ಬಂದಿದ್ದೇವೆ. ಇಲ್ಲಿ ಗೋಡೆಯ ಮೇಲೆ ಸ್ವಿಚ್ಚೇ ಇಲ್ಲ. ಕರೆಂಟು ಉಳಿಸುವ ಜಾಣ ದೀಪಗಳಂತೆ; ಬೆಳಿಗ್ಗೆ ಬಿಳಿ, ಊಟವಾದ ಮೇಲೆ ತಾವಾಗಿಯೇ ಮಂಕು ಹಳದಿ. ಗೋಡೆ, ಮುಖ, ಕೈ ಎಲ್ಲ ಕಮಟು ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ.

ಅಜ್ಜಿಯ ಕತೆಯಲ್ಲೊಬ್ಬ ರಾಕ್ಷಸಿ ಇದ್ದಳು. ಅತಿಥಿಗಳಿಗೆ ಮೆತ್ತನೆ ಹಾಸಿಗೆ ಹಾಸಿ, "ಹಿತವಾಗಿದೆಯಾ ಮಗಾ?" ಎಂದು ತಲೆ ಸವರುತ್ತಲೇ ಕಣ್ಣು ಕೀಳುತ್ತಿದ್ದಳು. ಕಟ್ಟಡದ ಮ್ಯಾನೇಜರ್ ಬಾಯಿ ತೆರೆದರೆ ನನಗೆ ಅವಳದೇ ನೆನಪು.

"ಮಧ್ಯಾಹ್ನದ ಮೇಲೆ ಜನಕ್ಕೆ ಹಳದಿಯೇ ಹಿತ, ಮೇಡಂ."

"ಯಾರು ಹೇಳಿದ್ದು?"

"ಸಿಸ್ಟಮ್ಮೇ ಹೇಳುತ್ತೆ."

"ಹಾಗಾದ್ರೆ ಕಣ್ಣನ್ನೂ ಅದೇ ಬರೀಲಿ!"

"ಸುಮ್ನಿರೇ," ಎಂದ ಮಾವ. ಮ್ಯಾನೇಜರ್ ಜಾಗ ಖಾಲಿ ಮಾಡಿ ಅಂದರೆ ಮತ್ತೆಲ್ಲಿಗೆ ಹೋಗುವುದು ಎಂಬ ಭಯ ಅವನಿಗೆ.

ಅಪಘಾತದಲ್ಲಿ ಎಡಗಣ್ಣು ಕಳೆದುಕೊಂಡ ಟೀಚರಮ್ಮನನ್ನು ಆ ಹಳದಿಯಲ್ಲೇ ಎದುರಿಗೆ ಕೂರಿಸಿಕೊಂಡು, ಅವರ ಬಲಗಣ್ಣು ನೋಡಿ ನೋಡಿ ಬರೆದಿದ್ದೆ. ಕಂದು ಹೊಂದದೇ ಇದ್ದಾಗ ನೀಲಿ ಬೆರೆಸುತ್ತ ಹೋಗಿದ್ದೆ. ಇವತ್ತು ಊಟದ ಹೊತ್ತು ಕಳೆದು ಬಂದು ಹಾಕಿಕೊಂಡರು. ಕನ್ನಡಿಯಲ್ಲಿ ನೋಡಿ ನಕ್ಕೂ ಬಿಟ್ಟರು.

"ನಾಳೆಯಿಂದ ಕ್ಲಾಸಿಗೆ ಹೋಗ್ಬೇಕಮ್ಮ. ಪುಂಡ ಮಕ್ಕಳು! ಟೀಚರ್ ಬಳೆ ಬದಲಾಯಿಸಿದ್ರೂ ಕಂಡುಹಿಡೀತಾವೆ."

ಬೀಳ್ಕೊಡಲು ಬಾಗಿಲವರೆಗೆ ಹೋದೆ. ಬಿಸಿಲು ಬಿತ್ತು. ಅವರ ಬಲಗಣ್ಣು ಹುಣಸೆಬೀಜದ ಕಂದು, ನಾನು ಬರೆದದ್ದು ಬೂದಿ.

ಅವರು ನನ್ನ ಮುಖ ನೋಡಿದವರೇ ಬಾಗಿಲ ಗಾಜಿಗೆ ತಿರುಗಿದರು. ನಗು ಹೋಯಿತು.

"ಇಲ್ಲೇ ಕೂತ್ಕೊಳ್ಳಿ ಟೀಚರ್," ಎಂದೆ. ಬಣ್ಣ, ಕುಂಚ, ಸ್ಟೂಲು ಎಲ್ಲ ಬೀದಿ ಮೆಟ್ಟಿಲಿಗೆ ತಂದೆ. ಕಣ್ಣು ತೆಗೆಸಿ, ಬಣ್ಣದ ಮೇಲಿನ ಗಾಜಿನಂಥ ಪದರ ಉಜ್ಜತೊಡಗಿದೆ. ಅವರು ಕಪ್ಪು ಕನ್ನಡಕ ಹಾಕಿಕೊಂಡರು.

ಮ್ಯಾನೇಜರ್ ಓಡಿಬಂದ. "ನಮ್ಮ ದೀಪಕ್ಕೆ ಪ್ರಶಸ್ತಿ ಕೊಡೋರು ಬರ್ತಿದಾರೆ. ಬಾಗಿಲಲ್ಲಿ ಏನಿದು ಅಸಹ್ಯ? ಒಳಗೆ ಹಿತವಾಗಿಲ್ವಾ?"

ಟೀಚರಮ್ಮ ಕನ್ನಡಕ ತೆಗೆದರು. ಖಾಲಿ ಗುಳಿಯನ್ನು ಅವನತ್ತಲೇ ಹಿಡಿದು, "ಹಿತ ಯಾವುದು ಅಂತ ನೀವೇ ನೋಡಿ ಹೇಳಪ್ಪ," ಎಂದರು.

ಅವನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮುಖ ತಿರುಗಿಸಿದ. ಥೂ, ಅಷ್ಟೂ ನೋಡಲಾಗದವನು ನಮಗೆ ಬೆಳಕು ಹಂಚುವವನು!

ಮಾವ ತನ್ನ ಸ್ಟೂಲು ಹೊತ್ತು ತಂದ. ಬಾಗಿಲಿಗೆ ಅಡ್ಡಲಾಗಿ ಹಾಕಿಕೊಂಡು ಕೂತ.

"ನೀನು ಬರಿಯೇ," ಎಂದ. "ಮೇಲಿನ ಪದರ ನಾನು ಹಾಕ್ತೀನಿ. ಬಿಸಿಲಿನ್ನೂ ಇದೆ."

ನೀಲಿಯ ಡಬ್ಬಿ ಮುಚ್ಚಿಟ್ಟು ಕಂದು ಅದ್ದಿದೆ.