ಯರಗಟ್ಟಿಯ ಹೊಲಿಗೆ ಕ್ಲಾಸು ಮತ್ತೆ ತುಂಬಿದ್ದು ಹೇಗೆ

ದೊಡ್ಡವರಿಗೆ ಕಲಿಸುವ ಕ್ಲಾಸೊಂದು ಊರಿಗೆ ಬರುತ್ತದೆ. ಮೊದಲ ದಿನ ಕೂರಲು ಜಾಗ ಇರುವುದಿಲ್ಲ. ತಿಂಗಳು ಕಳೆಯುವುದರೊಳಗೆ ಅರ್ಧ ಜನ ಬಿಟ್ಟಿರುತ್ತಾರೆ. ಬಹಳ ಊರುಗಳಲ್ಲಿ ಇದು ನಡೆಯುತ್ತದೆ. ಯರಗಟ್ಟಿಯಲ್ಲೂ ಹಾಗೇ ಆಯಿತು.

1998ರ ಮಾತು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಹಿಳಾ ಸಂಘದ ಕೋಣೆ ಇತ್ತು. ಅಲ್ಲಿ ಮಧ್ಯಾಹ್ನದ ಹೊತ್ತು ಹೊಲಿಗೆ ಕ್ಲಾಸು ಶುರುವಾಯಿತು. ಕಲಿಸುವವಳು ಜೀನತ್. ಟೇಲರ್ ಬುರಾನಸಾಬರ ಮಗಳು. ಬೆಳಗಾವಿಯಲ್ಲಿ ಹೊಲಿಗೆ ಕೋರ್ಸ್ ಮುಗಿಸಿ ಬಂದಿದ್ದಳು.

ಜೀನತ್ ಮನಸ್ಸಿಟ್ಟು ಕಲಿಸುತ್ತಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾನು ಕಲಿತ ಕ್ರಮವನ್ನು ಒಂದಿಷ್ಟೂ ಬಿಡುತ್ತಿರಲಿಲ್ಲ. ಮೊದಲು ಮಷಿನ್ನಿನ ಭಾಗಗಳ ಹೆಸರು ಬಾಯಿಪಾಠ. ಆಮೇಲೆ ಹಳೆಯ ಪೇಪರಿನ ಮೇಲೆ ಅಳತೆ ಹಾಕಿ ಕತ್ತರಿಸುವುದು. ಮಷಿನ್ನುಗಳ ಮೇಲೆ ಹೊದಿಸಿದ ಬಟ್ಟೆ ಹಾಗೇ ಇತ್ತು.

"ಪೇಪರ್ ಕಟಿಂಗ್ ಸರಿ ಬರೂತನಕ ಮಷಿನ್ ಮುಟ್ಟೂದಿಲ್ಲ" ಎಂದು ಮೊದಲ ದಿನವೇ ಹೇಳಿದ್ದಳು.

ಹೊಲದಿಂದ, ಹತ್ತಿ ಬಿಡಿಸುವ ಕೆಲಸದಿಂದ ಬಂದ ಹೆಂಗಸರು ಗೋಡೆಗೆ ಆತು ಕೂರುತ್ತಿದ್ದರು. ಕೆಲವರು ತೂಕಡಿಸುತ್ತಿದ್ದರು.

ಅವರಲ್ಲಿ ತಂಗೆವ್ವ ಒಬ್ಬಳು. ನಲವತ್ತು ದಾಟಿದವಳು. ಗಂಡ ಅಂದಾನೆಪ್ಪ ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಹಮಾಲ. ಒಂದು ದಿನ ತಂಗೆವ್ವ ರವಿಕೆಯ ಅಳತೆಗೆ ಪೇಪರು ಕತ್ತರಿಸಿದಳು. ಅದು ಮಾರು ಅಗಲ ಆಗಿತ್ತು. ಜೀನತ್ ಅದನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದಳು.

"ಇದು ರವಿಕಿನೋ, ಜ್ವಾಳದ ಚೀಲಾನೋ?"

ಎಲ್ಲರೂ ನಕ್ಕರು. ತಂಗೆವ್ವನೂ ನಕ್ಕಳು. ಮರುದಿನ ಅವಳು ಬರಲಿಲ್ಲ. ಅವಳ ಜೊತೆ ಬರುತ್ತಿದ್ದ ಓಣಿಯ ಹೆಂಗಸರೂ ಬರಲಿಲ್ಲ. ಒಬ್ಬೊಬ್ಬರೇ ಕರಗಿ, ಕೊನೆಗೆ ಕೋಣೆಯಲ್ಲಿ ನಾಲ್ಕೈದು ಮಂದಿ ಉಳಿದರು.

ಕ್ಲಾಸು ನೋಡಿಕೊಳ್ಳುವ ಮಹಾಂತಪ್ಪ ಬಂದು ಖಾಲಿ ಚಾಪೆಗಳನ್ನು ನೋಡಿದರು. "ಮುಂದಿನ ತಿಂಗಳು ಬರತೇನಿ. ಮಂದಿ ಇಷ್ಟ ಇದ್ರ ಮಷಿನ್ ಬ್ಯಾರೆ ಊರಿಗೆ ಕೊಡಬೇಕಾಗತೈತಿ ನೋಡವಾ" ಎಂದು ಹೇಳಿ ಹೋದರು.

ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಜೀನತ್‌ಗೆ ಸಾವಂತ್ರೆವ್ವ ಸಿಕ್ಕರು. ಹೂಲಿ ಊರಿನವರು. ಊರೂರು ತಿರುಗಿ ದೊಡ್ಡವರಿಗೆ ಅಕ್ಷರ ಕಲಿಸಿದವರು. ಜೀನತ್ ಅವರ ಮುಂದೆ ಎಲ್ಲವನ್ನೂ ಹೇಳಿಕೊಂಡಳು.

"ಅಕ್ಕಾರ, ಈ ಮಂದೀಗೆ ಕಲಿಯೂ ಆಸಕ್ತಿನ ಇಲ್ರಿ. ನಾ ಎಷ್ಟ ಬಡಕೊಂಡ್ರೂ ಅಷ್ಟ."

"ಆಸಕ್ತಿ ಇಲ್ದ ಬಿಸಿಲಾಗ ನಡಕೋತ ಬಂದಿದ್ರೇನು?" ಎಂದರು ಸಾವಂತ್ರೆವ್ವ. "ಮೊದಲ ದಿನ ಕೋಣಿ ತುಂಬಿತ್ತು ಅಂದಿ. ಆಸಕ್ತಿ ತುಗೊಂಡ ಬಂದಿದ್ರು. ಇಲ್ಲಿ ಬಂದ ಮ್ಯಾಲ ಕಳಕೊಂಡ್ರು. ಅವರು ಯಾಕ ಬಂದಾರ ಅಂತ ಕೇಳೀಯೇನು?"

"ಹೊಲಿಗಿ ಕಲಿಯಾಕ ಬಂದಾರ್ರಿ. ಅದನ್ನೇನ ಕೇಳೂದು?"

"ಹೊಲಿಗಿ ಕಲತು ಏನ ಹೊಲೀಬೇಕಂತ ಮಾಡ್ಯಾರ? ಯಾರಿಗೆ?"

"ಅದನ್ನ ನಾ ಕೇಳೇ ಇಲ್ರಿ."

"ಸಣ್ಣ ಹುಡುಗ್ರು ನಾವು ಹೇಳಿದ್ದು ಕೇಳಿ ಕುಂದರತಾರ. ದೊಡ್ಡವರು ಹಂಗಲ್ಲ. ಮನ್ಯಾಗ ಹತ್ತು ಕೆಲಸ ಬಿಟ್ಟು ಬಂದಿರತಾರ. ಇವತ್ತು ಏನರ ಕೈಗೆ ಹತ್ತೇತಿ ಅನಿಸಿದ್ರ ನಾಳಿ ಬರತಾರ. ನಡಿ, ಮೊದಲ ಬಿಟ್ಟ ತಂಗೆವ್ವನ ಮನೀಗೆ ಹೋಗೂಣು."

"ಈಗೇನ್ರಿ?"

"ಮತ್ಯಾವಾಗ?"

ಅಂದಾನೆಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಇವರನ್ನು ಕಂಡು ಎದ್ದು ಚಾಪೆ ಹಾಸಿದ.

"ಬರ್ರಿ, ಕುಂದರ್ರಿ. ಆದ್ರ ಕರಿಯಾಕ ಬಂದಿದ್ರ ಬ್ಯಾಡ್ರಿ ಟೀಚರ. ಈ ವಯಸ್ಸಿನ್ಯಾಗ ನಮಗ ಎದಕ್ಕ ಬೇಕ್ರಿ ಸಾಲಿ? ಮಂದಿ ಮುಂದ ನಗಿಸಿಕೊಂಡು ಬಂದಾಳ. ಆವತ್ತ ರೊಟ್ಟಿನೂ ಸರಿ ತಿನ್ನಲಿಲ್ಲ."

ಜೀನತ್‌ಗೆ ಮುಖ ಎತ್ತಲಾಗಲಿಲ್ಲ. ಕ್ಲಾಸಿನಲ್ಲಿ ನಕ್ಕ ತಂಗೆವ್ವ ಮನೆಗೆ ಬಂದು ಅತ್ತಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ತಂಗೆವ್ವ ಚಹಾ ತಂದಿಟ್ಟಳು. ಸಾವಂತ್ರೆವ್ವ ಕೇಳಿದರು: "ತಂಗೆವ್ವಾ, ನೀ ಹೊಲಿಗಿ ಯಾಕ ಕಲೀಬೇಕಂತ ಬಂದಿದ್ದಿ? ಖರೇ ಹೇಳು."

ತಂಗೆವ್ವ ಸೆರಗು ಸರಿಮಾಡಿಕೊಂಡು ಚಾಪೆಯ ಅಂಚಿಗೆ ಕುಳಿತಳು.

"ಮಗಳನ್ನ ರಾಮದುರ್ಗಕ್ಕ ಕೊಟ್ಟೇವ್ರಿ. ಈಗ ಬಸಿರದಾಳ. ಬಾಣಂತನಕ್ಕ ಇಲ್ಲೇ ಬರತಾಳ. ಕೂಸಿಗೆ ಒಂದು ಕುಂಚಗಿ ನನ್ನ ಕೈಲೇನ ಹೊಲೀಬೇಕಂತ ಆಸೇ ಇತ್ರಿ. ತಲಿ, ಬೆನ್ನು ಮುಚ್ಚುವಂಗ, ಜಾಲರಿ ಹಚ್ಚಿದ್ದು. ನನ್ನ ಮಗಳಿಗೆ ನಾ ಹೊಲಿಯಾಕ ಆಗಿರಲಿಲ್ಲ."

"ಮತ್ತ ಅಳತಿ ಯಾಕ ತಪ್ಪಿತು?" ಎಂದು ಜೀನತ್ ಮೆಲ್ಲಗೆ ಕೇಳಿದಳು.

"ಆ ಟೇಪಿನ ಮ್ಯಾಲಿನ ಅಂಕಿ ನನಗ ತಿಳಿಯಂಗಿಲ್ರಿ ಟೀಚರ. ಬಾಜೂದಾಕಿನ್ನ ನೋಡಿ ಕತ್ತರಿಸಿದ್ನಿ. ಎಲ್ಲಾರ ಮುಂದ ಹೆಂಗ ಹೇಳಲಿ?"

ಜೀನತ್ ಚಹಾದ ಬಟ್ಟಲು ಕೆಳಗಿಟ್ಟಳು. "ತಪ್ಪು ನಂದು ತಂಗೆವ್ವಾರ. ನಾ ಕೇಳಬೇಕಿತ್ತು. ನಾಳಿ ಒಂದ ದಿನ ಬರ್ರಿ. ಕುಂಚಗೀನ ಶುರು ಮಾಡೂಣು."

ತಂಗೆವ್ವ ಗಂಡನ ಕಡೆ ನೋಡಿದಳು. "ನಿನ್ನ ಮನಸು ನೋಡು" ಅಂದ ಅಂದಾನೆಪ್ಪ.

ಮರುದಿನ ತಂಗೆವ್ವ ಬಂದಳು. ಬಾಗಿಲ ಹತ್ತಿರವೇ ಕುಳಿತಳು. ಜೀನತ್ ಎಲ್ಲರ ಮುಂದೆ ನಿಂತು ಹೇಳಿದಳು: "ಆವತ್ತು ನಾ ತಂಗೆವ್ವಾರ ಕೆಲಸ ಎತ್ತಿ ತೋರಿಸಿ ನಿಮ್ಮನ್ನ ನಗಿಸಿದ್ದು ತಪ್ಪಾತು. ಇನ್ನ ಈ ಕೋಣ್ಯಾಗ ಯಾರ ಕೆಲಸಕ್ಕೂ ಯಾರೂ ನಗೂ ಹಂಗಿಲ್ಲ. ನಾನೂ ನಗಂಗಿಲ್ಲ."

ಆಮೇಲೆ ಚಾಪೆಯ ಮೇಲೆ ಅವರ ಜೊತೆಗೇ ಕುಳಿತು ಒಬ್ಬೊಬ್ಬರನ್ನೇ ಕೇಳಿದಳು. ರಾಯವ್ವನಿಗೆ ಮಕ್ಕಳ ಶಾಲೆಯ ಅಂಗಿ ಹೊಲಿಯಬೇಕಿತ್ತು. ಬಾಯವ್ವನಿಗೆ ಸೀರೆಯ ಅಂಚು ಹೊಲಿದುಕೊಡುವ ಕೆಲಸ ಹಿಡಿಯಬೇಕಿತ್ತು. ಇನ್ನೊಬ್ಬಳು, "ಏನಿಲ್ರಿ, ಮನ್ಯಾಗ ಅತ್ತಿ ಮಾತು ಕೇಳಿ ಸಾಕಾಗಿತ್ತು" ಅಂದಳು. ಅದಕ್ಕೆ ಮಾತ್ರ ಎಲ್ಲರೂ ನಕ್ಕರು.

ಜೀನತ್ ಮಷಿನ್ನುಗಳ ಹೊದಿಕೆ ತೆಗೆದಳು. ಅಂದು ಎಲ್ಲರೂ ಹಳೆಯ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗುವ ಚೀಲ ಹೊಲಿದರು. ಹೊಲಿಗೆ ಸೊಟ್ಟಗಿತ್ತು. ಆದರೂ ಒಬ್ಬರೂ ಅದನ್ನು ಅಲ್ಲಿ ಬಿಟ್ಟು ಹೋಗಲಿಲ್ಲ.

ಟೇಪಿನ ಅಂಕಿ ಕಲಿಸಲು ಜೀನತ್ ಹಲಗೆ ಹಿಡಿಯಲಿಲ್ಲ. "ನಿಮ್ಮ ಗೇಣು ಎಷ್ಟು ಬರತೈತಿ, ಟೇಪ್ ಇಟ್ಟು ನೋಡ್ರಿ" ಎಂದಳು. ಗೇಣಿನಿಂದ ಮೊಳ, ಮೊಳದಿಂದ ತೋಳು, ತೋಳಿನಿಂದ ಬೆನ್ನು. ಒಬ್ಬರನ್ನೊಬ್ಬರು ಅಳೆದರು. ಅಂಕಿ ಬರುವವರು ಬಾರದವರ ಪಕ್ಕ ಕುಳಿತು ಹೇಳಿಕೊಟ್ಟರು. ಕೆಲವೇ ದಿನಗಳಲ್ಲಿ ತಂಗೆವ್ವ ಯಾರನ್ನೂ ನೋಡದೆ ಅಳತೆ ಹೇಳತೊಡಗಿದಳು.

ಆದರೆ ಮನೆಯಲ್ಲಿ ಬುರಾನಸಾಬರಿಗೆ ಇದು ಸರಿ ಕಾಣಲಿಲ್ಲ. "ಮಷಿನ್ನಿನ ಪಾರ್ಟ್ ಗೊತ್ತಿಲ್ದ ಮಷಿನ್ ಮ್ಯಾಲ ಕುಂದರಿಸಿದ್ರ ಕೈ ಕೆಡತೈತಿ ಬೇಟಾ" ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ಜೀನತ್ ಆ ಪಾಠ ಬಿಡಲಿಲ್ಲ, ಅದರ ಹೊತ್ತಿಗೆ ಕಾದಳು. ಒಂದು ದಿನ ಕೆಳಗಿನ ದಾರ ಗಂಟು ಬಿದ್ದು ರಾಯವ್ವನ ಮಷಿನ್ನು ನಿಂತುಬಿಟ್ಟಿತು. ಜೀನತ್ ಎಲ್ಲರನ್ನೂ ಕರೆದಳು. ಮಷಿನ್ ಬಿಚ್ಚಿ, ದಾರ ಸುತ್ತಿದ ಬಾಬಿನ್ ಎಲ್ಲಿ, ದಾರ ಯಾಕೆ ಸಿಕ್ಕಿತು, ಎಣ್ಣೆ ಎಲ್ಲಿ ಬಿಡಬೇಕು, ಎಲ್ಲವನ್ನೂ ತೋರಿಸಿದಳು. ಬಾಯಿಪಾಠ ಮಾಡಿದಾಗ ತಲೆಯಲ್ಲಿ ನಿಲ್ಲದ ಹೆಸರುಗಳು ಆ ದಿನ ನಿಂತವು. ಯಾಕೆಂದರೆ ಆ ದಿನ ಅವು ಬೇಕಾಗಿದ್ದವು.

ತಂಗೆವ್ವನ ಕುಂಚಗಿ ಮುಗಿಯಿತು. ಜಾಲರಿ ಒಂದು ಕಡೆ ಎರಡು ಸಲ ಬಿಚ್ಚಬೇಕಾಯಿತು. ಮನೆಗೆ ಒಯ್ದಾಗ ಅಂದಾನೆಪ್ಪ ಅದನ್ನು ಅಂಗೈ ಮೇಲೆ ಹರವಿಕೊಂಡು ನೋಡಿದ. "ಇದನ್ನ ನೀನ ಹೊಲದಿಯೇನ?" ಎಂದ. ಓಣಿಯವರೆಲ್ಲ ನೋಡಲು ಬಂದರು. ಬಿಟ್ಟುಹೋದವರು ಮರುದಿನದಿಂದ ತಾವೇ ಬರತೊಡಗಿದರು. ಹೊಸಬರೂ ಬಂದರು.

ಮಹಾಂತಪ್ಪ ಹೇಳಿದಂತೆ ಬಂದರು. ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಮಷಿನ್ನಿನ ಸದ್ದಿನಲ್ಲಿ ಯಾರೂ ಅವರನ್ನು ಗಮನಿಸಲಿಲ್ಲ. ಕೊನೆಗೆ ತಂಗೆವ್ವ ತಲೆ ಎತ್ತಿ, "ಯಪ್ಪಾ, ಒಂಚೂರು ಸರೀರಿ, ಬೆಳಕಿಗೆ ಅಡ್ಡ ಆಗತೈತಿ" ಎಂದಳು. ಮಹಾಂತಪ್ಪ ಸರಿದು ನಿಂತರು. ಮಷಿನ್ನು ಬೇರೆ ಊರಿಗೆ ಕೊಡುವ ಮಾತು ಆಮೇಲೆ ಬರಲಿಲ್ಲ.

ಕೆಲವು ದಿನಗಳ ಮೇಲೆ ಅಂದಾನೆಪ್ಪನೇ ಸಾವಂತ್ರೆವ್ವರನ್ನು ಹುಡುಕಿಕೊಂಡು ಹೋದ. ಜೊತೆಗೆ ಮಾರ್ಕೆಟ್ಟಿನ ನಾಲ್ಕು ಹಮಾಲರಿದ್ದರು.

"ಅಕ್ಕಾರ, ಚೀಲದ ಮ್ಯಾಲ ಬರದಿದ್ದು ನಮಗ ಓದಾಕ ಬರಂಗಿಲ್ಲ. ಬೈಲಹೊಂಗಲದ ಲಾರೀಗೆ ಹಾಕೂದು ಸವದತ್ತಿ ಲಾರೀಗೆ ಹಾಕಿ ಬೈಸಿಕೋತೇವಿ. ನಮಗೂ ಒಂದು ಸಾಲಿ ಮಾಡ್ರೆಲಾ."

"ಮೊದಲು ಯಾವ ಅಕ್ಷರ ಬೇಕು ನಿಮಗ?" ಎಂದು ಕೇಳಿದರು ಸಾವಂತ್ರೆವ್ವ.

"ಊರಿನ ಹೆಸರ್ರಿ!" ಎಂದರು ಎಲ್ಲರೂ ಒಟ್ಟಿಗೆ. ಅವರ ಪಾಠ "ಬೈಲಹೊಂಗಲ" ಎಂಬ ಶಬ್ದದಿಂದಲೇ ಶುರುವಾಯಿತು.

ದೊಡ್ಡವರಿಗೆ ಕಲಿಸುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕ್ಲಾಸಿನಲ್ಲೂ ಚಾಪೆ ಖಾಲಿ ಆಗುತ್ತಿದೆಯೇ? ಬಿಟ್ಟುಹೋದವರ ಮನೆಗೆ ಈ ವಾರವೇ ಹೋಗಿ. ಯಾಕೆ ಬಂದಿದ್ದಿರಿ ಎಂದು ಕೇಳಿ. ಅವರು ಹೇಳಿದ್ದರಿಂದಲೇ ಪಾಠ ಶುರು ಮಾಡಿ. ತಪ್ಪಿದರೆ ಬದಿಗೆ ಕೂತು ತಿದ್ದಿ, ನಾಲ್ಕು ಜನರ ಮುಂದೆ ಎತ್ತಿ ತೋರಿಸಬೇಡಿ. ಪ್ರತಿ ದಿನ ಏನಾದರೂ ಒಂದು ಅವರ ಕೈಗೆ ಹತ್ತುವಂತೆ ನೋಡಿಕೊಳ್ಳಿ.

ಮತ್ತು ಕಲಿಯುವ ಆಸೆ ಇಟ್ಟುಕೊಂಡು ಮನೆಯಲ್ಲೇ ಕುಳಿತ ತಾಯಂದಿರೇ, ನಿಮಗೆ ಏನು ಬೇಕೋ ಅದನ್ನು ಬಾಯಿಬಿಟ್ಟು ಕೇಳಿ. ನನಗೆ ಇದು ಬರುವುದಿಲ್ಲ ಎನ್ನುವುದಕ್ಕೆ ನಾಚಬೇಡಿ. ಎಲ್ಲ ಬರುತ್ತಿದ್ದರೆ ಕ್ಲಾಸು ಯಾಕೆ ಬೇಕಿತ್ತು?