ಪೆಟ್ಟಿಗೆಯಲ್ಲೂ ಓಡುವ ವಾಚು

ಹೊಣಕೆರೆಯ ಅಂದಾನಯ್ಯನಿಗೆ ಭಾವಮೈದ ಚಲುವರಾಜು ಮಿಲಿಟರಿಯಿಂದ ರಜಕ್ಕೆ ಬಂದಾಗ ಒಂದು ವಾಚು ತಂದುಕೊಟ್ಟಿದ್ದ. ಕೀ ಕೊಡುವ ಗೋಜಿಲ್ಲ. ಕಟ್ಟಿದ ಕೈ ಆಡಿದರೆ ಸಾಕು, ತಾನೇ ಓಡುತ್ತದೆ. ಗದ್ದೆಯ ಕೆಸರಿಗೆ ಇಳಿಯುವವನು ಅಂಥದ್ದನ್ನು ದಿನಾ ಕಟ್ಟುವುದುಂಟೇ? ಮದುವೆ, ಬೀಗರೂಟ ಎಂದರೆ ಮಾತ್ರ ಅದು ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು. ಯಾವಾಗ ತೆಗೆದರೂ ಸರಿಯಾಗಿ ಓಡುತ್ತಲೇ ಇರುತ್ತಿತ್ತು.

"ಪೆಟ್ಗೇಲಿಟ್ರೂ ನಿಲ್ಲಾಕಿಲ್ಲ ಕಣ್ಲಾ, ಅಂಥಾ ಮಾಲು" ಎಂದು ಊರೆಲ್ಲ ಕೊಚ್ಚಿಕೊಂಡ. ಕೊಚ್ಚಿಕೊಳ್ಳುವುದರಲ್ಲಿ ಅವನ ಬಾಯಿ ಎಷ್ಟು ದೊಡ್ಡದೋ, ಮನೆಯೊಳಗಿನದನ್ನು ನೋಡುವುದರಲ್ಲಿ ಕಣ್ಣು ಅಷ್ಟೇ ಮಂಕು.

ಒಂದು ಬೆಳಿಗ್ಗೆ ಜಗಲಿಯಲ್ಲಿ ನೆಂಟರು ಕೂತಿದ್ದರು. ಹೆಂಡತಿ ಪುಟ್ಟಲಕ್ಷ್ಮಮ್ಮ ಆಗತಾನೇ ಕಡೆದ ಮಜ್ಜಿಗೆ ತಂದಳು. ಅವಳ ಕೈಯಲ್ಲಿ ವಾಚು.

"ಓಹೋ, ಯಾವ ಆಪೀಸಿಗೆ ಒತ್ತಾಯ್ತಮ್ಮಿ ನಿಂಗೆ? ಕೇಳ್ದೆ ಮಾಡ್ದೆ ಕಂಡೋರ ಸಾಮಾನು ಮುಟ್ಟಾದ ಕಲ್ತವ್ಳೆ" ಎಂದ ಅಂದಾನಯ್ಯ.

ನೆಂಟರು ನಕ್ಕರು. ಅವಳು ವಾಚು ಬಿಚ್ಚಿ ಅವನ ಮುಂದಿಟ್ಟು ಒಳಗೆ ಹೋದಳು. ಅಂದಾನಯ್ಯ ಪೆಟ್ಟಿಗೆಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಕೆಲವು ವಾರಗಳ ಮೇಲೆ ಕಿಕ್ಕೇರಿಯಲ್ಲಿ ಮದುವೆ. ನೋಡದೆಯೇ ವಾಚು ಕಟ್ಟಿಕೊಂಡು ಬಸ್ಸು ಹತ್ತಿದ್ದ. ಧಾರೆಯ ಹೊತ್ತಿಗೆ ಅದು ದೀಪ ಹಚ್ಚುವ ಹೊತ್ತನ್ನು ತೋರಿಸುತ್ತಿತ್ತು. "ಅಂದಾನಯ್ಯನ್ ವಾಚ್ಗೆ ಆಗ್ಲೇ ಸಂಜೆ ಆಗ್ಬುಟ್ಟದೆ" ಎಂದು ಸೋದರಮಾವ ಮಂಚಯ್ಯ ಚಪ್ಪರದ ತುಂಬ ಸಾರಿದ. ಮಾನ ಹೋಯಿತು.

ಅದೇ ತಿಂಗಳು ರಜಕ್ಕೆ ಬಂದ ಚಲುವರಾಜುವಿನ ಮೇಲೆ ಹರಿಹಾಯ್ದ. "ಕೆಟ್ಟೋದ ವಾಚ್ ಕೊಟ್ಟಿದ್ಯಲ್ಲಾ."

"ಕೆಟ್ಟಿಲ್ಲ ಭಾವ. ಕಟ್ದೇ ಇದ್ರೆ ಎಲ್ಡ್ ದಿನಕ್ಕೆ ನಿಂತೋಯ್ತದೆ. ನಿಂತ್ರೇನು? ಬೇಕಾದಾಗ ಅಲ್ಲಾಡ್ಸಿ ಟೈಮ್ ಇಟ್ಕಂಡ್ರಾಯ್ತು. ಸುಮ್ಸುಮ್ನೆ ದಿನಾ ಓಡ್ಸಿದ್ರೆ ಒಳಗಿಂದು ಸವೀತದೆ. ಓದ್ಸಲ ಅಕ್ಕಂಗೂ ಇದ್ನೇ ಯೇಳ್ದೆ."

"ಅವ್ಳಿಗ್ಯಾಕೆ?"

"ಮಜ್ಜಿಗೆ ಕಡೆಯೋವಾಗ ದಿನಾ ಕಟ್ಕಂತಿದ್ಲಲ್ಲ. ಬ್ಯಾಡ ಅಂದೆ. 'ನಿಲ್ಲಾಕಿಲ್ಲ ಅಂತ ಊರ್ಗೆಲ್ಲ ಯೇಳ್ಕಂಡವ್ರೆ, ನಿಂತೋದ್ರೆ ಅವ್ರ ಮಾತು ಏನಾಗ್ಬೇಕು' ಅಂದ್ಲು."

ಅಂದಾನಯ್ಯ ಪೆಟ್ಟಿಗೆಯ ಬೀಗ ತೆಗೆದು ವಾಚನ್ನು ಕೈಗೆತ್ತಿಕೊಂಡ. ವಾಚಿಗೆ ಬೇಡವಾಗಿದ್ದ ಚಾಕರಿಯನ್ನು ಅವಳು ಮಾಡಿದ್ದು ತನ್ನ ಬಡಾಯಿ ಉಳಿಸಲು. ಅವಳನ್ನೇ ನಾಲ್ಕು ಜನರ ಮುಂದೆ ಕಳ್ಳಿ ಮಾಡಿದ್ದ.

ಅಡಿಗೆಮನೆಗೆ ಹೋಗಿ ವಾಚು ಚಾಚಿದ. "ತಪ್ಪಾಯ್ತು ಕಣಮ್ಮಿ. ನೀನೇ ಕಟ್ಕೊ."

"ನಂಗ್ಯಾಕೆ, ಬುಡಿ" ಎಂದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೆ ಅಟ್ಟದ ಕಡೆ ನೋಡಿ ಕೇಳಿದಳು: "ತಮ್ಮ ಒಂಟವ್ನೆ. ಒಂದಚ್ಚು ಬೆಲ್ಲ ತಗಂಡ್ ಕಟ್ಕೊಡ್ಲಾ?"

ಆ ಜಗಲಿಯ ದಿನದಿಂದ ಅವಳು ಎಲ್ಲಕ್ಕೂ ಹೀಗೆ ಕೇಳುತ್ತಿದ್ದಳೆಂಬುದು ಅವನಿಗೆ ಈಗ ಹೊಳೆಯಿತು. ಮೆತ್ತಗಾಗಿದ್ದಾಳೆ ಎಂದುಕೊಂಡಿದ್ದ.

"ನಿಂದೇ ಅಲ್ವಾ ಮನೆ, ತಗೊ" ಎಂದ.

ಅವಳು ಒಂದೇ ಅಚ್ಚು ತೆಗೆದಳು. ಗಂಟು ಕಟ್ಟುವ ಮೊದಲು ಅದನ್ನು ಅವನ ಕಡೆ ಹಿಡಿದು ತೋರಿಸಿದಳು.