ನಿಲ್ಲಬಾರದ ಪಾರಾಯಣ

“ನಿಲ್ಲಿಸಿದ್ರ ಏನಾಗ್ತಿತ್ತು?”

ಮಾರೇಶ್ ಇದನ್ನು ಯಾರನ್ನೂ ಕುರಿತು ಕೇಳಲಿಲ್ಲ. ರಾಯದುರ್ಗದ ಆ ಮಹಡಿ ಕೋಣೆಯಲ್ಲಿ ಅವನ ಹೊರತು ಯಾರೂ ಇರಲಿಲ್ಲ. ಕೆಳಗೆ ಜೀನ್ಸ್ ಹೊಲಿಯುವ ಮಿಷನ್‌ಗಳು ಎಂದಿನಂತೆ ಗರಗರ ಎನ್ನುತ್ತಿದ್ದವು. ಎದುರಿನ ಪರದೆಯಲ್ಲಿ ಫೈಲುಗಳೆಲ್ಲ ಇದ್ದವು, ಒಂದೂ ತೆರೆಯುತ್ತಿರಲಿಲ್ಲ. ಪ್ರತಿಯೊಂದರ ಹೆಸರಿಗೂ ಗುರುತಿಲ್ಲದ ಬಾಲವೊಂದು ಅಂಟಿಕೊಂಡಿತ್ತು. ನಡುವೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು: ನಿಮ್ಮದಕ್ಕೆಲ್ಲ ಬೀಗ ಹಾಕಿದ್ದೇವೆ, ಬೀಗದ ಕೈ ಬೇಕಿದ್ದರೆ ಹಣ ಕಳಿಸಿ. ಬರೆದವರು ಮರ್ಯಾದಸ್ಥರು, ಕೊನೆಗೆ ವಂದನೆಯನ್ನೂ ಹೇಳಿದ್ದರು.

ಮಾರೇಶ್ ಊರಿನವರ ವೆಬ್‌ಸೈಟುಗಳಿಗೆ ಜಾಗ ಕೊಡುವವನು. ದೂರದ ಕಂಪನಿಯೊಂದರಿಂದ ಸರ್ವರ್ ಬಾಡಿಗೆಗೆ ಹಿಡಿದು, ಅದರಲ್ಲಿ ಜೀನ್ಸ್ ಕಾರ್ಖಾನೆಯವರು, ಬೀಜದಂಗಡಿಯವರು, ಒಂದು ಶಾಲೆ, ಹೀಗೆ ಹಲವರನ್ನು ಒಕ್ಕಲು ಕೂರಿಸಿದ್ದ. ಬಾಡಿಗೆಯಿಲ್ಲದ ಒಕ್ಕಲು ಒಂದೇ: ಮಡಕಶಿರಾದ ನರಸಿಂಹಯ್ಯ ಮತ್ತು ಪಾಲಯ್ಯನವರ ಪುರಾಣ ವಾಚನ. ನರಸಿಂಹಯ್ಯ ಪದ್ಯ ಓದುವರು, ಪಾಲಯ್ಯ ಅರ್ಥ ಹೇಳುವರು. ತಾಯಿಯ ತವರಾದ ಮಡಕಶಿರಾದಲ್ಲಿ ಅವರಿಬ್ಬರ ಮುಂದೆ ಕಂಬಳಿ ಹೊದ್ದು ಕೂತು ಕೇಳುತ್ತಲೇ ಮಾರೇಶ್ ದೊಡ್ಡವನಾಗಿದ್ದ. ಪಾಲಯ್ಯ ಯುಗಾದಿಗೆ ಮುಂಚೆ ತೀರಿಕೊಂಡರು. ಅವರ ದನಿ ಉಳಿದದ್ದು ಮಾರೇಶ್ ರೆಕಾರ್ಡು ಮಾಡಿ ಸರ್ವರಿಗೆ ಏರಿಸಿದ್ದರಲ್ಲಿ ಮಾತ್ರ.

ಶ್ರಾವಣದ ಪಾರಾಯಣಕ್ಕೆ ಅಲ್ಲೊಂದು ಕಟ್ಟುಪಾಡುಂಟು. ಶುರುವಾದದ್ದು ಮಂಗಳದವರೆಗೆ ಹಗಲಿರುಳು ನಿಲ್ಲಬಾರದು. ಕೇಳುವವರಲ್ಲಿ ಒಬ್ಬರಿಗೆ ಕಡಿದರೂ ಕಡಿದಂತೆಯೇ. ಮತ್ತೆ ಮೊದಲ ಪದ್ಯದಿಂದ ಹಿಡಿಯಬೇಕು. ಪಾಲಯ್ಯ ಇಲ್ಲದ ಈ ಶ್ರಾವಣ ಹಳೆಯ ರೆಕಾರ್ಡುಗಳೇ ಸರ್ವರಿನಿಂದ ಮಡಕಶಿರಾದ ಮಂಟಪಕ್ಕೂ, ಡಿ. ಹಿರೇಹಾಳಿನಿಂದ ಬಳ್ಳಾರಿಗೆ ಕೂಲಿಗೆ ಹೋಗುವವರ ಫೋನುಗಳಿಗೂ ಹರಿಯುತ್ತಿದ್ದವು. ಅದರ ನಡುವೆಯೇ ಸೂಚನೆ ಬಂದಿತ್ತು: ಸರ್ವರಿನ ತಂತ್ರಾಂಶದಲ್ಲಿ ಬಿರುಕು ಸಿಕ್ಕಿದೆ, ಕಳ್ಳರು ನುಗ್ಗುತ್ತಿದ್ದಾರೆ, ತಕ್ಷಣ ಅಪ್‌ಡೇಟ್ ಮಾಡಿ. ಅದಕ್ಕೆ ಸರ್ವರನ್ನು ಒಮ್ಮೆ ನಿಲ್ಲಿಸಬೇಕಿತ್ತು. ಪಾಲಯ್ಯನವರು ಆಗ ತಾಯಿ ಮಗನ ಭೇಟಿಯ ಅರ್ಥ ಹೇಳುತ್ತಿದ್ದರು. ಮಾರೇಶ್ ಪರದೆಗೆ ಕೈಮುಗಿದು, ಮಂಗಳ ಆಗಲಿ ಎಂದು ಮುಂದೂಡಿದ. ಮಂಗಳಕ್ಕೆ ಮೊದಲೇ ಕಳ್ಳರು ಬಂದರು. ರೆಕಾರ್ಡುಗಳ ಎರಡನೆಯ ಪ್ರತಿಯನ್ನೂ ಅದೇ ಸರ್ವರಿನಲ್ಲಿಟ್ಟಿದ್ದ, ಅದಕ್ಕೂ ಬೀಗ ಬಿತ್ತು.

ಫೋನು ಹೊಡೆದುಕೊಂಡಿತು. ಕೆಳಗಿನ ಜೀನ್ಸ್ ಕಾರ್ಖಾನೆಯ ಒಡತಿ ಶಾಂತಕುಮಾರಿ.

“ಏನಪಾ ಮಾರೇಶಾ, ನನ್ನ ಪ್ಯಾಂಟು ಎಲ್ಲಿ ಹೋದ್ವೋ?”

“ಪ್ಯಾಂಟು ಗೋಡೌನ್‌ನಾಗ ಅದಾವ್ರಿ ಅಕ್ಕಾರ. ಅವುಗಳ ಫೋಟೊ ಹೋಗ್ಯಾವ.”

“ಹಂಗಾರ ಗಿರಾಕಿಗೆ ಗೋಡೌನ್ ಎತ್ತಿ ಕಳಿಸ್ಲೇನು? ಆ ಕಳ್ಳರಿಗೆ ರೊಕ್ಕ ಒಗದು ಬಿಡಿಸ್ಕೊಂಡು ಬಾರಪ್ಪ.”

“ಒಗದೋರಿಗೂ ಕೀಲಿ ಸಿಕ್ಕಿಲ್ರಿ. ಬಳ್ಳಾರಿಯಾಗ ನನ್ನ ದೋಸ್ತ್ ವಾಗೀಶ್ ಕೊಟ್ಟು ಕೈ ಸುಟ್ಕೊಂಡಾನ. ನಿಮ್ಮ ಫೋಟೊ ಮತ್ತ ತಗದು ಹಾಕ್ತೀನ್ರಿ.”

ಪ್ಯಾಂಟಿನ ಫೋಟೊ ಮತ್ತೆ ತೆಗೆಯಬಹುದು. ಪಾಲಯ್ಯನನ್ನು ಎಲ್ಲಿಂದ ತರುವುದು? ಪೊಲೀಸರಿಗೆ ದೂರು ಬರೆದುಕೊಟ್ಟು, ಕಲ್ಯಾಣದುರ್ಗ, ಪಾವಗಡ ದಾಟಿ ಮಡಕಶಿರಾಕ್ಕೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದ. ಬಸ್ಸಿನ ಕುಲುಕಾಟಕ್ಕೆ ಅದು ಕಳಚುತ್ತಲೇ ಇತ್ತು.

ನರಸಿಂಹಯ್ಯ ಮಂಟಪದಲ್ಲಿ ಒಬ್ಬರೇ ಕೂತಿದ್ದರು. ಪಕ್ಕದ ಸ್ಪೀಕರ್ ಸುಮ್ಮನಿತ್ತು. ಮಾರೇಶ್ ಎಲ್ಲವನ್ನೂ ಹೇಳಿದ, ಮುಂದೂಡಿದ್ದನ್ನೂ ಸೇರಿಸಿ. ಮುದುಕರು ಅಂಗೈ ತಿಕ್ಕಿಕೊಂಡರು.

“ಪಾಲಯ್ಯನೂ ಹೋದ್ನೇನಪ್ಪ ಅದ್ರಾಗೆ?”

“ಹೋದ್ರು ತಾತ.”

“ಅಲ್ಲ ಕಣಪ್ಪ, ಹೆಂಗೋಗ್ತಾನೆ? ಗುಮ್ಮಘಟ್ಟದ ಮೂಕಮ್ಮ ಈಗ ತಾನೇ ಫೋನ್ ಮಾಡಿ ಜಗಳ ತೆಗೆದ್ಲು. ಕೊನೇ ಭಾಗದಾಗೆ ನಿಮ್ಮ ಪಾಲಯ್ಯ ಕುರಿ ವಿಚಾರ ತಪ್ಪು ಹೇಳವ್ನೆ, ಕುರಿ ಕಾಯ್ದೋನಲ್ಲ ಅವ್ನು ಅಂತ. ಬೆಳಗ್ಗೆ ಕೇಳುದ್ಲಂತೆ.”

ಮಾರೇಶ್‌ಗೆ ಆಗ ನೆನಪಾಯಿತು. ಕುರಿ ಮೇಯಿಸುವ ಗುಡ್ಡದಲ್ಲಿ ಸಿಗ್ನಲ್ ಇಲ್ಲವೆಂದು ಮೂಕಮ್ಮ ಕಾಡಿದಾಗ, ಕೊನೆಯ ಭಾಗವನ್ನು ಅವಳ ಮೆಮೊರಿ ಕಾರ್ಡಿಗೆ ತಾನೇ ತುಂಬಿಕೊಟ್ಟು ಮರೆತಿದ್ದ. ಗುಮ್ಮಘಟ್ಟಕ್ಕೆ ಹೋಗಿ ಕೇಳಿದರೆ ಅವಳು ಕಾರ್ಡು ಬಿಚ್ಚಿಕೊಡುವ ಮೊದಲು, “ಆ ತಪ್ಪು ತಿದ್ದಸ್ತೀಯೇನು?” ಎಂದಳು.

“ಅವರು ಇಲ್ಲಲ್ಲ ಯವ್ವಾ.”

“ಇದ್ದಾಗರ ಎಲ್ಲಿ ಕೇಳ್ತಿದ್ದ,” ಎಂದು ಕೊಟ್ಟಳು.

ಉಳಿದದ್ದು ಅಷ್ಟೇ. ಅದನ್ನು ಮನೆಯ ಡಿಸ್ಕಿಗೆ ಇಳಿಸಿ, ತಂತಿ ಕಿತ್ತು ಟ್ರಂಕಿನಲ್ಲಿಟ್ಟ. ಹೊಸ ಸರ್ವರಿನಲ್ಲಿ ಒಕ್ಕಲುಗಳನ್ನು ಒಬ್ಬೊಬ್ಬರಾಗಿ ಕೂರಿಸಿದ. ಬೈಗುಳ ತಿಂದ, ಕ್ಷಮೆ ಕೇಳಿದ. ಕಣ್ಣು ಮುಚ್ಚಿದರೂ ಬಾಲ ಅಂಟಿದ ಹೆಸರುಗಳೇ ಕಾಣುತ್ತಿದ್ದವು.

ಕಾರ್ತಿಕದಲ್ಲಿ ನರಸಿಂಹಯ್ಯ ಮತ್ತೆ ಮೊದಲ ಪದ್ಯದಿಂದ ಹಿಡಿದರು. ಮಂಟಪದಲ್ಲಿ ಕೂತು ತಾವೇ ಓದಿದರು, ಅರ್ಥವನ್ನೂ ತಾವೇ ಹೇಳಿದರು. ಅವರು ಮಲಗಿದಾಗ ಊರಿನವರು ಸರದಿಯಲ್ಲಿ ಓದಿದರು. ಅದೆಲ್ಲ ಹೊಸ ಸರ್ವರಿನ ಮೂಲಕ ಫೋನುಗಳಿಗೆ ಹರಿಯಿತು. ದಿನ ಕಳೆದಂತೆ ಅವರ ಗಂಟಲು ಕಟ್ಟಿತು. ಕೊನೆಯ ಭಾಗ ಬಂದ ಸಂಜೆ ಅವರು ತಾಳೆಗರಿಯಂತೆ ಒಣಗಿ ಗೋಡೆಗೊರಗಿದರು. ಮೂಕಮ್ಮನ ಕಾರ್ಡಿನ ಪಾಲಯ್ಯ ಸ್ಪೀಕರಿನಲ್ಲಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಅರ್ಥ ಹೇಳತೊಡಗಿದರು. ನರಸಿಂಹಯ್ಯನವರ ಕಣ್ಣು ತುಂಬಿತು.

ಆಗ ಮಾರೇಶ್‌ನ ಫೋನಿನಲ್ಲಿ ಸೂಚನೆ ಮೂಡಿತು. ಮತ್ತೊಂದು ಬಿರುಕು. ತಕ್ಷಣ ಅಪ್‌ಡೇಟ್ ಮಾಡಿ.

ಅವನು ಲ್ಯಾಪ್‌ಟಾಪ್ ತೆರೆದದ್ದನ್ನು ನರಸಿಂಹಯ್ಯ ಕಂಡರು.

“ಏನಪ್ಪ ಅದು?”

“ಸರ್ವರ್ ನಿಲ್ಲಿಸ್ಬೇಕು ತಾತ. ಸ್ವಲ್ಪ ಹೊತ್ತು.”

“ಮಂಗಳ ಇಲ್ಲೇ ಐತಲ್ಲಪ್ಪ, ದೀಪ ಹಚ್ಚೋದ್ರಾಗೆ ಆಗೋಗ್ತದೆ. ಕಡಿದ್ರೆ ಮತ್ತೆ ಮೊದಲಿಂದ ಹಿಡೀಬೇಕು. ನನ್ನ ಗಂಟಲಾಗೆ ಇನ್ನೊಂದು ಸಲಕ್ಕಿಲ್ಲ.” ಅವರು ಅವನ ಮೊಣಕೈ ಹಿಡಿದರು. ಜೀವಮಾನದಲ್ಲಿ ಅವನಲ್ಲಿ ಏನನ್ನೂ ಕೇಳಿದವರಲ್ಲ. “ಅವ್ನು ಮುಗಿಸ್ಲಿ. ಅಷ್ಟು ತಡಿಯಪ್ಪ.”

ಸ್ಪೀಕರಿನಲ್ಲಿ ಪಾಲಯ್ಯ ಕುರಿಯ ವಿಚಾರಕ್ಕೆ ಬಂದಿದ್ದರು. ಗುಮ್ಮಘಟ್ಟದಲ್ಲಿ ಮೂಕಮ್ಮ ಮತ್ತೆ ಜಗಳಕ್ಕೆ ಸಿದ್ಧವಾಗಿರಬೇಕು. ಹೋದ ಸಲವೂ ಮಂಗಳ ಆಗಲಿ ಎಂದೇ ತಾನು ಕಾದಿದ್ದ, ಪರದೆಗೆ ಕೈಮುಗಿದಿದ್ದ. ಮಾರೇಶ್ ಮೊಣಕೈ ಹಿಡಿದಿದ್ದ ಮುದುಕರ ಕೈಯನ್ನು ಮೆಲ್ಲಗೆ ಬಿಡಿಸಿದ.

“ಇಲ್ಲ ತಾತ. ತಡಿಯಂಗಿಲ್ಲ,” ಎಂದ.